ಬೇಡ ಅನ್ನುವ ಕ್ರಮ

ಸೆಪ್ಟೆಂಬರ್ 1, 2014, ಸೋಮವಾರ

ಬೆಳಗ್ಗೆ ಏಳುವ ಹೊತ್ತಿಗೆ ಕೆಟ್ಟ ಕನಸು. ರೋಲರ್ ಮಿಷನ್ನಿಗೆ ನಾನು ಒಂದು ಬೆಡ್‌ಶೀಟ್ ಕೊಡುತ್ತಿದ್ದೇನೆ, ಎಷ್ಟು ಕೊಟ್ಟರೂ ಮುಗಿಯುವುದಿಲ್ಲ. ನೋಡಿದರೆ ಶೀಟಿನ ತುಂಬ ನನ್ನದೇ ರುಜು. ಕನ್ನಡದಲ್ಲಿ, ಒಂದೊಂದು ಅಕ್ಷರವೂ ಕಿಟಕಿಯಷ್ಟು ದೊಡ್ಡದು. 'ರೊ' ಒಳಗೆ ಹೋಯಿತು, 'ಸ' ಹೋಯಿತು. ಹಿಡಿದು ಎಳೆಯೋಣ ಅಂದರೆ ನನಗೆ ಕೈಗಳೇ ಇಲ್ಲ. ಎದ್ದು ಮೊದಲು ಕೈ ನೋಡಿಕೊಂಡೆ. ಎರಡೂ ಇದ್ದವು. ಪಕ್ಕದ ಮಂಚದಲ್ಲಿ ರೂಮಿನ ಜೊತೆಗಾತಿ ಅಗಾತಾ ಎಡಗೈಯನ್ನು ದಿಂಬಿನ ಮೇಲೆ ಇಟ್ಟು ಮಲಗಿದ್ದಳು. ಬ್ಯಾಂಡೇಜು ಎಳನೀರಿನ ಬೊಂಡದಷ್ಟು ದಪ್ಪ.

ಕ್ಲಿನಿಕ್ಕಿನ ಡಾಕ್ಟರು ನನ್ನ ಬಿಪಿ ನೋಡಿ, ಚಿಂತೆಯನ್ನು ತಲೆಯಲ್ಲಿ ಇಟ್ಟುಕೊಳ್ಳಬೇಡಿ ಅಂದರು. ಮತ್ತೆಲ್ಲಿ ಇಡುವುದು ಅಂತ ಹೇಳಲಿಲ್ಲ. ಅದಕ್ಕೆ ಈ ಡೈರಿ. ಹೋಟೆಲಿನವರು ಹೊಸ ವರ್ಷಕ್ಕೆ ಕೊಟ್ಟದ್ದು, ಎಂಟು ತಿಂಗಳು ಖಾಲಿಯೇ ಇತ್ತು. ನಾನು ಏಳನೇ ಕ್ಲಾಸಿನ ನಡುವೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು. ಕನ್ನಡ ಬರೆಯಲು ಬರುತ್ತದೆ. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲೆ, ಅರ್ಥ ಅರ್ಧ ಸಿಗುತ್ತದೆ, ಇನ್ನರ್ಧಕ್ಕೆ ಹೆದರುತ್ತೇನೆ.

ಆದದ್ದನ್ನು ಮೊದಲಿನಿಂದ ಬರೆದಿಡುತ್ತೇನೆ, ಇಲ್ಲದಿದ್ದರೆ ತಲೆಯಲ್ಲಿ ಎಲ್ಲ ಗೋಜಲು. ಗಲ್ಫಿನ ಅಲ್ ಕೂಜ್‌ನ ನಮ್ಮ ಲಾಂಡ್ರಿಯಲ್ಲಿ ಹೋಟೆಲುಗಳ ಶೀಟು, ಟವೆಲು ಒಗೆದು ಇಸ್ತ್ರಿ ಮಾಡುತ್ತೇವೆ. ಆಗಸ್ಟ್ 19ಕ್ಕೆ ಅಗಾತಾಳ ಎಡಗೈ ಶೀಟು ಇಸ್ತ್ರಿ ಮಾಡುವ ಬಿಸಿ ರೋಲರಿನ ಒಳಗೆ ಹೋಯಿತು. ರೋಲರಿನ ಎದುರು ಒಂದು ಸೇಫ್ಟಿ ಬಾರ್ ಉಂಟು, ಕೈ ತಾಗಿದರೆ ಮಿಷನ್ ನಿಲ್ಲಬೇಕು. ನಿಲ್ಲಲಿಲ್ಲ, ಬಾರನ್ನು ಯಾರೋ ತಂತಿ ಹಾಕಿ ಮೇಲಕ್ಕೆ ಕಟ್ಟಿದ್ದರು. ಎರಡು ದಿನ ಬಿಟ್ಟು ಆಫೀಸಿನ ಕ್ಲೈವ್ ಸರ್ ಒಂದು ಕಾಗದ ತಂದರು. ಹನ್ನೊಂದು ಜನ ರುಜು ಹಾಕಿದೆವು.

ಆ ಕಾಗದದಲ್ಲಿ ಎಂತ ಇತ್ತು ಅಂತ ನನಗೆ ಇವತ್ತಿನವರೆಗೆ ಗೊತ್ತಿಲ್ಲ.

ಸೆಪ್ಟೆಂಬರ್ 3, ಬುಧವಾರ

ಇವತ್ತು ಗೊತ್ತಾಯಿತು.

ಅಗಾತಾಳಿಗೆ ಆಫೀಸಿನಿಂದ ಲಕೋಟೆ ಬಂತು. ವೀಸಾ ಕ್ಯಾನ್ಸಲ್, 25ನೇ ತಾರೀಕಿಗೆ ಮಂಗಳೂರಿನ ಟಿಕೆಟ್. ಜೊತೆಗೆ ನಾವು ರುಜು ಹಾಕಿದ ಕಾಗದದ ಪ್ರತಿ. ಕಂಪನಿ ಬಸ್ಸಿನಲ್ಲಿ ಡ್ರೈವರ್ ಅಹ್ಮದ್ ಕುಂಞಿಗೆ ತೋರಿಸಿದೆವು. ಉಪ್ಪಿನಂಗಡಿಯವನು, ಪಿಯುಸಿ ಆಗಿದೆ. ಎಂಜಿನ್ ಆಫ್ ಮಾಡಿ ಎರಡು ಸಲ ಓದಿದ. ಅವನು ಯಾವುದನ್ನೂ ಎರಡು ಸಲ ಓದುವವನಲ್ಲ.

"ಅಕ್ಕ, ಬಾರಿಗೆ ತಂತಿ ಕಟ್ಟಿದ್ದು ಅಗಾತಾಳೇ ಅಂತ ಬರ್ದಿದ್ದಾರೆ. ಹನ್ನೊಂದು ಜನ ಕಣ್ಣಾರೆ ನೋಡಿದ್ದಂತೆ. ನಿಮ್ಮ ರುಜು ನಾಲ್ಕನೆಯದು."

ಅಗಾತಾ ನನ್ನ ಕಡೆ ತಿರುಗಿದಳು. "ನೀವು ಕೂಡ ರುಜು ಹಾಕಿದ್ರಾ, ರೊಸಲಿನ್ ಬಾಯಿ?" ಅಂದಳು.

ಯಾಕೆ ಹಾಕಿದೆ ಅಂತ ಬೆಳಗ್ಗಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಕ್ಲೈವ್ ಸರ್ ಮಂಗಳೂರಿನವರು, ನಮ್ಮದೇ ಚರ್ಚಿನಲ್ಲಿ ಹಾಡುವವರು. ಆದರೆ ಲಾಂಡ್ರಿಯಲ್ಲಿ ನಮ್ಮ ಹತ್ತಿರ ಯಾವತ್ತೂ ಇಂಗ್ಲಿಷೇ. ಆ ದಿನ ಮೊದಲ ಸಲ ಕೊಂಕಣಿಯಲ್ಲಿ ಮಾತಾಡಿದರು. ಪಾಪದ ಹುಡುಗಿಗೆ ಇನ್ಶೂರೆನ್ಸ್ ಸಿಗಲಿ ಅಂತ, ಒಂದು ರುಜು ಸಾಕು ಅಂತ. ಮನೆಯ ಮಾತು ಕೇಳಿ ನಮಗೆ ಕಣ್ಣು ತುಂಬಿತು. ಕೊಂಕಣಿಯಲ್ಲಿ ಕೇಳಿದರೆ ನಾನು ಯಾವುದಕ್ಕೂ ರುಜು ಹಾಕುತ್ತೇನೆ ಅಂತ ಅವರಿಗೆ ಹೇಗೆ ಗೊತ್ತಾಯಿತೋ.

ಕಾಗದ ತೋರಿಸಿದವರಲ್ಲಿ ಹಾಕದವನು ಒಬ್ಬನೇ. ಕೈ ಇಸ್ತ್ರಿಯ ಬರ್ಮಾದವನು, ಕೋ ತುನ್. ಇದನ್ನು ಓದಿ ಅರ್ಥ ಮಾಡಿಕೊಳ್ಳಲು ನನಗೆ ಬರುವುದಿಲ್ಲ, ಆದ್ದರಿಂದ ಬೇಡ ಅಂದನಂತೆ. ನನಗೂ ಬರುವುದಿಲ್ಲ. ಆದ್ದರಿಂದ ಹಾಕಿದೆ.

ಸೆಪ್ಟೆಂಬರ್ 5, ಶುಕ್ರವಾರ

ನಿನ್ನೆ ಅಗಾತಾಳ ಡ್ರೆಸ್ಸಿಂಗಿಗೆ ಜೊತೆಗೆ ಹೋಗಿದ್ದೆ. ಎರಡು ಬೆರಳು ಅಂಗೈಗೆ ಮಡಚಿ ಅಂಟಿಕೊಂಡಿವೆ. ತಿಂಗಳ ಒಳಗೆ ಎರಡನೇ ಆಪರೇಶನ್ ಆದರೆ ಬಿಡಿಸಬಹುದು, ತಡವಾದರೆ ಹಾಗೇ ಕೂರುತ್ತವೆ ಅಂದರು ಡಾಕ್ಟರು. ಕೆಲಸದಲ್ಲಿ ಆದ ಗಾಯ, ಕಂಪನಿಯ ತಪ್ಪು ಅಂತಾದರೆ ಆಪರೇಶನ್ ಇಲ್ಲಿಯೇ ಆಗುತ್ತದೆ. ಅವಳದ್ದೇ ತಪ್ಪು ಅಂತಾದರೆ 25ಕ್ಕೆ ವಿಮಾನ. ಅವಳಿಗೆ ಇಪ್ಪತ್ತನಾಲ್ಕು ವಯಸ್ಸು. ಊರಿನಲ್ಲಿ ಸೀರೆಗೆ ಫಾಲ್ ಹೊಲಿಯುತ್ತಿದ್ದಳು, ಹೊಲಿಗೆ ಕಾಣುತ್ತಲೇ ಇರಲಿಲ್ಲ.

ಇಲ್ಲಿ ವಾರದ ರಜೆಯ ದಿನವೇ ಪೂಜೆ. ಇವತ್ತು ಪೂಜೆ ಮುಗಿದ ಮೇಲೆ ಕ್ಲೈವ್ ಸರ್ ಹೆಂಡತಿ ಮಕ್ಕಳ ಜೊತೆ ಮೆಟ್ಟಿಲಿನ ಹತ್ತಿರ ನಿಂತಿದ್ದರು. ಕೇಳಬೇಕು ಅಂತ ಹತ್ತಿರ ಹೋದೆ. "ಹ್ಯಾಪಿ ಸಂಡೇ ಸರ್" ಅಂದೆ. ಇವತ್ತು ಶುಕ್ರವಾರ.

ಸೆಪ್ಟೆಂಬರ್ 8, ಸೋಮವಾರ

ಮೊಂತಿ ಹಬ್ಬ. ಮರಿಯಮ್ಮನ ಹುಟ್ಟಿದ ದಿನ, ಹೊಸ ತೆನೆಯ ದಿನ. ಚರ್ಚಿನಲ್ಲಿ ಕೊಟ್ಟ ಒಂದು ತೆನೆಯಿಂದ ನಾಲ್ಕು ಕಾಳು ಸುಲಿದು ಪಾಯಸಕ್ಕೆ ಹಾಕಿದೆ. ಅಗಾತಾ ತಿಂದಳು, "ಸಿಹಿ ಜಾಸ್ತಿ" ಅಂದಳು. ಐದು ದಿನದಲ್ಲಿ ನನಗೆ ಹೇಳಿದ ಮೊದಲ ಮಾತು.

ಮಧ್ಯಾಹ್ನ ಒಂದು ಲೋಟ ಪಾಯಸ ಕೋ ತುನ್‌ಗೆ ಕೊಟ್ಟೆ. ಅವನು ಎರಡು ಕೈಯಲ್ಲಿ ಲೋಟ ಹಿಡಿದು, ಮೊದಲು ಕಣ್ಣು ಮುಚ್ಚಿ ಏನೋ ಹೇಳಿಕೊಂಡು, ಆಮೇಲೆ ಕುಡಿದ. ನೀನು ಎಂತ ಮಾರಾಯ ಪಾದ್ರಿಗಳ ಹಾಗೆ ಅಂದೆ. ಹೌದು ದೀದಿ, ಪಾದ್ರಿಯೇ ಆಗಿದ್ದೆ ಅಂದ. ಅವನ ಹರಕು ಹಿಂದಿ, ನನ್ನ ಹರಕು ಹಿಂದಿ, ಎರಡೂ ಸೇರಿ ಒಂದು ಕಥೆಯಾಯಿತು.

ಹನ್ನೆರಡನೇ ವಯಸ್ಸಿಗೆ ಮಠಕ್ಕೆ ಸೇರಿದನಂತೆ. ಬುದ್ಧನ ಸನ್ಯಾಸಿ. ಬೆಳಗ್ಗೆ ಭಿಕ್ಷಾಪಾತ್ರೆ ಹಿಡಿದು ಬರಿಗಾಲಲ್ಲಿ ಬೀದಿಯಲ್ಲಿ ಹೋಗುವುದು, ಮನೆಯವರು ಅನ್ನ ಹಾಕುವುದು. ಅವರ ದೇಶದಲ್ಲಿ ಆಗ ಸೈನ್ಯದ್ದೇ ಆಡಳಿತ. ಏಳು ವರ್ಷದ ಹಿಂದೆ ಪೆಟ್ರೋಲು, ಡೀಸೆಲಿನ ಬೆಲೆ ಏರಿ, ಅಕ್ಕಿಯೂ ತುಟ್ಟಿಯಾಗಿ ಜನ ಊಟ ಬಿಡುವ ಹಾಗಾಯಿತು. ಭಿಕ್ಷೆ ಹಾಕುವವರ ಪಾತ್ರೆಯೇ ಖಾಲಿ ಅಂತ ಮೊದಲು ಗೊತ್ತಾಗುವುದು ಭಿಕ್ಷೆ ಬೇಡುವವನಿಗೆ ಅಂದ. ಒಂದು ಊರಿನಲ್ಲಿ ಸೈನಿಕರು ಸನ್ಯಾಸಿಗಳಿಗೆ ಹೊಡೆದರು. ಕ್ಷಮೆ ಕೇಳಿ ಅಂದರೆ ಕೇಳಲಿಲ್ಲ. ಆಗ ಸನ್ಯಾಸಿಗಳೆಲ್ಲ ಪಾತ್ರೆಯನ್ನು ಕವುಚಿದರು. ಸೈನ್ಯದವರ ಕೈಯಿಂದ, ಅವರ ಮನೆಯವರ ಕೈಯಿಂದ ಒಂದು ಅಗುಳೂ ಬೇಡ ಅಂತ. ಸಾವಿರ ಸಾವಿರ ಜನ ಮಳೆಯಲ್ಲಿ ಸಾಲಾಗಿ ನಡೆದರು, ಎಲ್ಲರಿಗೂ ಒಳ್ಳೆಯದಾಗಲಿ ಅಂತ ಮಂತ್ರ ಹೇಳುತ್ತಾ. ಹೊಡೆದವರಿಗೂ ಒಳ್ಳೆಯದಾಗಲಿ ಅಂತಲೇ. ಕೈಯಲ್ಲಿ ಒಂದು ಕಲ್ಲಿಲ್ಲ. ಎರಡೂ ಬದಿಗೆ ಊರವರು ಕೈ ಕೈ ಹಿಡಿದು ಬೇಲಿಯ ಹಾಗೆ ನಿಂತರು.

ಊಟ ಬೇಡ ಅಂದರೆ ಬಂದೂಕಿನವನಿಗೆ ಎಂತ ನಷ್ಟ ಅಂತ ಕೇಳಿದೆ. ನಮ್ಮ ಮನೆಯಲ್ಲಿ ಕೊಟ್ಟದ್ದನ್ನು ಬೇಡ ಅಂದರೆ ಅಮ್ಮನಿಂದ ಬೆನ್ನಿಗೆ ಬೀಳುತ್ತಿತ್ತು. ಅವನು ಹೇಳಿದ, ಅಲ್ಲಿ ಕೊಡುವವನಿಗೇ ಪುಣ್ಯ ಬರುವುದು, ಪಾತ್ರೆ ಕವುಚಿದರೆ ಅವನ ಪುಣ್ಯದ ಬಾಗಿಲು ಮುಚ್ಚಿದ ಹಾಗೆ. ಒಬ್ಬ ಅಧಿಕಾರಿಯ ಹೆಂಡತಿ ಅನ್ನದ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಅರುವತ್ತು ಜನ ಎದುರಿನಿಂದಲೇ ದಾಟಿ ಹೋದೆವು, ಅವಳು ಅಲ್ಲೇ ಕುಸಿದು ಕೂತಳು ಅಂದ. ಚರ್ಚಿನಲ್ಲಿ ಕಾಣಿಕೆಯ ಚೀಲವನ್ನು ಒಬ್ಬಳ ಎದುರು ಮಾತ್ರ ಹಿಡಿಯದೆ ಮುಂದೆ ಹೋದರೆ ಹೇಗಾಗಬಹುದು ಅಂತ ಯೋಚಿಸಿದೆ. ಅರ್ಥವಾಯಿತು.

ಗೆದ್ದಿರಾ ಅಂತ ಕೇಳಿದೆ.

"ಹೊಡೆದರು ದೀದಿ. ಮಠಕ್ಕೆ ನುಗ್ಗಿದರು. ನನ್ನ ಪಕ್ಕದಲ್ಲಿ ನಡೆದವನು ಮತ್ತೆ ಬರಲಿಲ್ಲ." ಲೋಟ ತೊಳೆದು ತಂದುಕೊಟ್ಟ. "ಆದರೆ ನಾವು ಮಾಡಿದ್ದು ಸರಿ. ಅದರಲ್ಲಿ ನನಗೆ ಸಂಶಯ ಇಲ್ಲ."

ಸಂಶಯ ಇಲ್ಲದ ಮನುಷ್ಯನನ್ನು ನಾನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು.

ಸೆಪ್ಟೆಂಬರ್ 11, ಗುರುವಾರ

ಮಾನ ಹೋಯಿತು.

ಕೋ ತುನ್ ಹೇಳಿದ್ದನ್ನು ನಾನು ರುಜು ಹಾಕಿದ ಹೆಂಗಸರಿಗೆಲ್ಲ ಹೇಳಿದ್ದೆ. ಎಲ್ಲರಿಗೂ ಹುರುಪು. ನಾವೂ ಮಾಡುವ ಅಂದರು. ಎಂತ ಮಾಡುವುದು, ಯಾರ ಎದುರು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮಧ್ಯಾಹ್ನ ಮೆಸ್ಸಿನಲ್ಲಿ ಒಂಬತ್ತು ಜನ ಊಟದ ತಟ್ಟೆ ಕವುಚಿ ಇಟ್ಟು ಕೂತೆವು.

ಅಡುಗೆಯ ನಾರ್ಬರ್ಟ್ ಸೌಟು ಹಿಡಿದು ಬಂದು ತಟ್ಟೆ ನೋಡಿದ, ನಮ್ಮನ್ನು ನೋಡಿದ.

"ಮೀನು ಹಾಳಾಗಿದೆಯಾ? ಬೆಳಿಗ್ಗೆ ಬಂಗುಡೆ ನಾನೇ ಮೂಸಿ ನೋಡಿದ್ದು. ಉಪ್ಪು ಹೆಚ್ಚಾಯ್ತಾ? ಹೇಳಿ ಮಾರಾಯ್ತಿ, ಹದಿನಾಲ್ಕು ವರ್ಷದಲ್ಲಿ ನನ್ನ ಎದುರು ಯಾರೂ ತಟ್ಟೆ ಕವುಚಿದ್ದಿಲ್ಲ."

ಕ್ಲೈವ್ ಸರ್ ಮಾಡಿದ್ದಕ್ಕೆ ಅಂತ ಹೇಳಿದೆ. ಕ್ಲೈವ್ ಸರ್ ಮನೆಯಿಂದ ಡಬ್ಬಿ ತರುವವರು, ನನ್ನ ಸಾರಿಗೂ ಅವರಿಗೂ ಎಂತ ಸಂಬಂಧ ಅಂತ ಕೇಳಿದ. ಹೌದಲ್ಲ. ಅವನು ಮೂಲೆಗೆ ಹೋಗಿ ಏಪ್ರನ್ನಿನಲ್ಲಿ ಮುಖ ಒರಸಿಕೊಂಡ. ನಾವು ಒಬ್ಬೊಬ್ಬರೇ ತಟ್ಟೆ ತಿರುಗಿಸಿ, ಅವನಿಗೆ ಸಮಾಧಾನ ಆಗಲಿ ಅಂತ ಎರಡೆರಡು ಸಲ ಹಾಕಿಸಿಕೊಂಡು ತಿಂದೆವು. ಹೊಟ್ಟೆ ಬಿರಿಯುವ ಪ್ರತಿಭಟನೆ. ಆಚೆ ಮೇಜಿನಲ್ಲಿ ಕೋ ತುನ್ ನಕ್ಕ. ಅವನು ನಗುವುದನ್ನು ಇವತ್ತೇ ನೋಡಿದ್ದು.

ಸೆಪ್ಟೆಂಬರ್ 13, ಶನಿವಾರ

ಬೇಡ ಅನ್ನುವುದಕ್ಕೂ ಒಂದು ಕ್ರಮ ಉಂಟಂತೆ. ಟೀ ಹೊತ್ತಿನಲ್ಲಿ ಕೋ ತುನ್ ಹೇಳಿದ. ತಪ್ಪು ಮಾಡಿದವನ ಎದುರು ಮಾತ್ರ ಪಾತ್ರೆ ಕವುಚಬೇಕು, ಉಳಿದವರೆಲ್ಲರ ಎದುರು ಅದು ಮೇಲ್ಮುಖವೇ. ಕವುಚುವ ಮೊದಲು ಯಾಕೆ ಅಂತ ಅವನಿಗೆ ನೇರ ಹೇಳಬೇಕು. ಹೇಳದೆ ಮಾಡಿದರೆ ಅದು ಬರೀ ಸಿಟ್ಟು. ಇನ್ನೊಂದು ಮಾತು ನನಗೆ ಕಷ್ಟ ಅನ್ನಿಸಿತು. ಅವನು ತಿದ್ದಿಕೊಂಡ ದಿನ ಪಾತ್ರೆಯನ್ನು ತಿರುಗಿಸಲೇಬೇಕು, ಹಳೆಯದನ್ನು ಎತ್ತಬಾರದು.

18ಕ್ಕೆ ಕಂಪನಿಗೆ ಹದಿನೈದು ವರ್ಷ ತುಂಬುತ್ತದೆ. ಮಾಲೀಕರು ಬರುತ್ತಾರೆ, ಹೋಟೆಲಿನವರು ಬರುತ್ತಾರೆ, ಒಬ್ಬೊಬ್ಬರ ಹೆಸರು ಕರೆದು ಗಿಫ್ಟ್ ಬ್ಯಾಗು ಕೊಟ್ಟು ಫೋಟೋ. ಆ ಬ್ಯಾಗನ್ನೇ ಬೇಡ ಅನ್ನುವುದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು ಅಂತ ಬರೆಯಬೇಕು, ಆದರೆ ಬಾಯಿ ಬಿಟ್ಟು ಹೇಳಿದ್ದು ನಾನಾಗಿರಬೇಕು, ಯಾಕೆಂದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಈ ದೇಶದಲ್ಲಿ ಸ್ಟ್ರೈಕ್ ಮಾಡಿದರೆ ಸೀದಾ ವಿಮಾನ. ಆ ಹೆದರಿಕೆ ಅಹ್ಮದ್ ಕುಂಞಿಯ ಹತ್ತಿರ ಹೇಳಿದೆ.

"ಕೆಲ್ಸ ನಿಲ್ಸಿದ್ರೆ ಸ್ಟ್ರೈಕ್ ಅಕ್ಕ. ಗಿಫ್ಟ್ ಬೇಡ ಅಂದ್ರೆ ಎಂತ ಕೇಸು? ನನ್ನ ಹೆಂಡತಿ ನಾನು ತಂದ ಸೆಂಟು ಬೇಡ ಅಂತ ವರ್ಷಕ್ಕೆರಡು ಸಲ ಹೇಳ್ತಾಳೆ. ಅವಳನ್ನು ಯಾರೂ ಹಿಡ್ಕೊಂಡು ಹೋಗಲಿಲ್ಲ."

ಸೆಪ್ಟೆಂಬರ್ 14, ಭಾನುವಾರ

ಕ್ಲೈವ್ ಸರ್‌ಗೆ ಹೇಳಿ ಬಂದೆ. ಕೋ ತುನ್ ಬಾಗಿಲವರೆಗೆ ಬಂದ. ಒಳಗೆ ಬರುತ್ತಾನೆ ಅಂದುಕೊಂಡಿದ್ದೆ, ಬರಲಿಲ್ಲ. ನಾನು ಒಳಗೆ ಹೋದ ಮೇಲೆ ನೆನಪಾಯಿತು, ಅವನು ಸುಳ್ಳು ಕಾಗದಕ್ಕೆ ರುಜು ಹಾಕಿಲ್ಲ. ಹಾಕಿದವಳು ನಾನು.

ಕುರ್ಚಿ ಎಳೆದು ಕೂತೆ. ಕೂರಿ ಅಂತ ಅವರು ಹೇಳಿರಲಿಲ್ಲ. ಆ ಕಾಗದದಲ್ಲಿ ಇರುವುದು ಸುಳ್ಳು, ನನ್ನ ರುಜುವನ್ನು ವಾಪಸ್ ತೆಗೆದುಕೊಳ್ಳುತ್ತೇನೆ, ಸರಿಯಾದ ಕಾಗದ ಆಗುವವರೆಗೆ ಕಂಪನಿ ಪ್ರೀತಿಯಿಂದ ಕೊಡುವ ಯಾವುದೂ ನಮಗೆ ಬೇಡ, ಕೆಲಸ ಮಾತ್ರ ಒಂದು ನಿಮಿಷವೂ ನಿಲ್ಲುವುದಿಲ್ಲ ಅಂದೆ. ನಾನು ಒಬ್ಬಳೇ ಅಂತ ಅವರು ತಿಳಿಯಬಾರದು ಅಂತ 'ನಾವು' ಅಂದೆ.

ಅವರು ಬಾಗಿಲು ಮುಚ್ಚಿ ಬಂದು, ಮೆಲ್ಲಗೆ ಕೊಂಕಣಿಯಲ್ಲಿ ಶುರುಮಾಡಿದರು. ರೊಸಲಿನ್ ಬಾಯಿ, ನಾವು ಒಂದೇ ಕಡೆಯವರು, ನಿಮಗೆ ಕೆಟ್ಟದ್ದು ಮಾಡುತ್ತೇನಾ ಅಂತ.

"ಸರ್, ಇಂಗ್ಲಿಷಿನಲ್ಲೇ ಹೇಳಿ," ಅಂದೆ. "ನಿಧಾನ ಹೇಳಿ."

ಹೊರಗೆ ಬಂದ ಮೇಲೆ ಇದನ್ನು ಹೇಳಿದ್ದು ನಾನೇನಾ ಅಂತ ಸಂಶಯ ಬಂತು. ಬಿಪಿ ಏರಿರಬೇಕು. ನೋಡಿಸಲಿಲ್ಲ, ಮರೆತುಹೋಯಿತು.

ಸೆಪ್ಟೆಂಬರ್ 16, ಮಂಗಳವಾರ

ಫ್ಲೋರ್ ಸೂಪರ್‌ವೈಸರ್ ಜಯಪಾಲ ಟವೆಲಿನ ಟ್ರಾಲಿಯ ಹಿಂದೆ ನನ್ನನ್ನು ನಿಲ್ಲಿಸಿದರು. ಕಾರ್ಕಳದವರು, ಯಾರಿಗೂ ಜೋರು ಮಾಡುವವರಲ್ಲ. ಮುಖದಲ್ಲಿ ರಕ್ತವೇ ಇರಲಿಲ್ಲ.

"ರೊಸಲಿನಕ್ಕ, ಬಾರ್ ಕಟ್ಟಿದ್ದು ನಾನು. ಏಪ್ರಿಲಿನಲ್ಲಿ. ಶೀಟು ತಾಗಿ ತಾಗಿ ಮಿಷನ್ ನಿಲ್ತದೆ, ಆರ್ಡರ್ ತಡ ಆಗ್ತದೆ, ಕಟ್ಟಿಬಿಡಿ ಅಂತ ಆಫೀಸಿಂದ ಹೇಳಿದ್ದು. ಅಗಾತಾ ಆಗ ಟವೆಲಿನ ಕೆಲಸದಲ್ಲಿದ್ದಳು. ಆ ಮಿಷನ್ನಿಗೆ ಅವಳು ಬಂದದ್ದೇ ಜೂನಿನಲ್ಲಿ."

ನೀರು ಕುಡಿಸಿದೆ. ಹೆದರಬೇಡಿ, ಉಸಿರು ಮೆಲ್ಲ ಬಿಡಿ ಅಂದೆ. ಇದನ್ನು ಎಲ್ಲರ ಎದುರು ಹೇಳುತ್ತೀರಾ ಅಂತ ಕೇಳಿದೆ. ಮಗ ಹರ್ಷಿತ್‌ಗೆ ಇನ್ನೂ ಎರಡನೇ ಕ್ಲಾಸು ಅಂತ ಮಾತ್ರ ಹೇಳಿ ಹೋದರು. ಅವರನ್ನು ಬಯ್ಯಬೇಕು ಅನ್ನಿಸಲಿಲ್ಲ. ಹೆದರಿದವರ ಮುಖ ನನಗೆ ಚೆನ್ನಾಗಿ ಗೊತ್ತು.

ಸೆಪ್ಟೆಂಬರ್ 18, ಗುರುವಾರ

ಆಯಿತು. ಎಲ್ಲ ಬರೆಯುತ್ತೇನೆ.

ಅಂಗಳದಲ್ಲಿ ಶಾಮಿಯಾನ, ಕುರ್ಚಿ, ದೊಡ್ಡ ಫ್ಯಾನು. ಹೋಗುವ ಮೊದಲು ಕೋ ತುನ್ ಹೇಗೆ ನಡೆಯಬೇಕು ಅಂತ ತೋರಿಸಿದ. ಕೊಡುವವರ ಮುಖ ದಿಟ್ಟಿಸಬಾರದು, ತಲೆ ತಗ್ಗಿಸಲೂಬಾರದು. ಎದುರಿನ ನೆಲದಲ್ಲಿ ಒಂದು ನೊಗದುದ್ದ ದೂರಕ್ಕೆ ಕಣ್ಣಿಟ್ಟು ಹೋಗಬೇಕು. ಬೇಡ ಅಂತ ಬಾಯಲ್ಲಿ ಹೇಳುವುದು ಬೇಡ, ಈ ದೇಶದವರು ಮಾಡುವ ಹಾಗೆ ಬಲಗೈಯನ್ನು ಎದೆಯ ಮೇಲೆ ಇಟ್ಟು, ಅರಬ್ಬಿಯಲ್ಲಿ ಥ್ಯಾಂಕ್ಸ್ ಹೇಳುವ ಹಾಗೆ ಶುಕ್ರನ್ ಅಂದರೆ ಸಾಕು ಅಂತ ಅಹ್ಮದ್ ಕುಂಞಿ ಹೇಳಿದ. ಮರ್ಯಾದೆಯೂ ಆಯಿತು, ಬೇಡವೂ ಆಯಿತು.

ಇಂಗ್ಲಿಷ್ ಅಕ್ಷರದ ಸಾಲಿನಲ್ಲಿ ಹೆಸರು ಕರೆದರು. ಮೊದಲ ಹೆಸರೇ ಅಗಾತಾ. ಬರುವುದು ಬೇಡ ಅಂದಿದ್ದೆ, ಬಂದಿದ್ದಳು. ಮಾಲೀಕರು ನಗುತ್ತಾ ಬ್ಯಾಗು ಮುಂದೆ ಹಿಡಿದರು. ಅವಳು ಎದೆಗೆ ಕೈಯಿಟ್ಟು, "ಶುಕ್ರನ್ ಸರ್" ಅಂದು ದಾಟಿದಳು. ಫೋಟೋದವನು ಇನ್ನೊಮ್ಮೆ ಬಾ ಅಂತ ಕೈ ಮಾಡಿದ, ಅವನಿಗೆ ಪಾಪ ಗೊತ್ತಿಲ್ಲ. ಎರಡನೆಯವಳೂ ದಾಟಿದಳು. ಮೂರನೆಯವನು ತೆಗೆದುಕೊಂಡ, ಯಾರೂ ಅವನಿಗೆ ಏನೂ ಅನ್ನಲಿಲ್ಲ. ಆಮೇಲೆ ಸಾಲಾಗಿ ಹನ್ನೆರಡು ಜನ ದಾಟಿದರು, ರುಜು ಹಾಕದವರೂ ಸೇರಿ.

ಜಯಪಾಲರ ಹೆಸರು ಬಂತು. ಅವರು ಎದ್ದರು, ಟೈ ಸರಿಮಾಡಿಕೊಂಡರು. ನಾನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವರ ಬಲಗೈ ಎದೆಯ ಮೇಲಿತ್ತು.

ಅಲ್ಲಿಗೆ ಮಾಲೀಕರು ಬ್ಯಾಗನ್ನು ಮೇಜಿನ ಮೇಲಿಟ್ಟು ಕ್ಲೈವ್ ಸರ್ ಕಡೆ ತಿರುಗಿ ಏನೋ ಕೇಳಿದರು. ಕ್ಲೈವ್ ಸರ್ ಬಾಯಿ ತೆರೆಯುವ ಮೊದಲೇ, ಆಫೀಸಿನವರು ಹೇಳಿ ಬಾರ್ ಕಟ್ಟಿದ್ದು ನಾನು ಅಂತ ಜಯಪಾಲ ಹೇಳಿದರು. ತಡೆದು ತಡೆದು ಹೇಳಲಿಲ್ಲ, ಒಂದೇ ಉಸಿರಿನಲ್ಲಿ. ಮುಂದಿನ ಸಾಲಿನಲ್ಲಿ ಕೂತಿದ್ದ ಹೋಟೆಲಿನ ಹೆಂಗಸು ಅಗಾತಾಳನ್ನು ಹತ್ತಿರ ಕರೆದು, ಕೈ ತೋರಿಸು ಅಂದಳು. ಬಹಳ ಹೊತ್ತು ನೋಡಿದಳು. ನಾವು ಇಸ್ತ್ರಿ ಮಾಡುವುದು ಅವಳ ಹೋಟೆಲಿನ ಶೀಟುಗಳನ್ನು.

ನನ್ನ ಹೆಸರು ಬರುವ ಹೊತ್ತಿಗೆ ಕರೆಯುವುದನ್ನೇ ನಿಲ್ಲಿಸಿದ್ದರು. ನನಗೆ ಸ್ವಲ್ಪ ಬೇಸರವಾಯಿತು. ನಡೆಯುವುದನ್ನು ಅಷ್ಟು ಅಭ್ಯಾಸ ಮಾಡಿದ್ದೆ.

ಕೇಕು ಕಂಪನಿಯದ್ದು, ಮುಟ್ಟಲಿಲ್ಲ. ನಾರ್ಬರ್ಟ್ ಅವನ ಸ್ವಂತಕ್ಕೆ ಅಂತ ಮಾಡಿದ ಶೀರಾ ತಂದ. ಅದನ್ನು ಎಲ್ಲರೂ ತಿಂದು ಮಿಷನ್ನಿಗೆ ಹೋದೆವು. ಸಂಜೆಯ ಲೋಡು ಹತ್ತು ನಿಮಿಷ ಮೊದಲೇ ಮುಗಿಯಿತು.

ಸೆಪ್ಟೆಂಬರ್ 19, ಶುಕ್ರವಾರ

ಮಲಗಿದ್ದು ಗೊತ್ತು. ಎದ್ದದ್ದು ಎಂಟಕ್ಕೆ. ಅಗಾತಾ ಒಂದು ಕೈಯಲ್ಲಿ ಟೀ ಮಾಡಿ ಇಟ್ಟಿದ್ದಳು. ಸಿಹಿ ಜಾಸ್ತಿ. ಹೇಳಲಿಲ್ಲ.

ಸೆಪ್ಟೆಂಬರ್ 21, ಭಾನುವಾರ

ರೋಲರಿನ ತಂತಿ ಬಿಚ್ಚಿದ್ದಾರೆ. ಟಿಕೆಟ್ ಕ್ಯಾನ್ಸಲ್. ಆಪರೇಶನ್ 30ಕ್ಕೆ. ಆದರೆ ಅದಕ್ಕೆ ಮೊದಲು ಹೊಸ ಕಾಗದ ಆಸ್ಪತ್ರೆಗೂ ಇನ್ಶೂರೆನ್ಸಿಗೂ ಹೋಗಬೇಕು, ಸಾಕ್ಷಿಗಳ ರುಜು ಬೇಕು.

ಸೆಪ್ಟೆಂಬರ್ 23, ಮಂಗಳವಾರ

ರುಜು ಹಾಕಿದ ಹನ್ನೊಂದು ಜನರನ್ನು ಆಫೀಸಿಗೆ ಕರೆದರು. ಕೋ ತುನ್, ಅಹ್ಮದ್ ಕುಂಞಿ ಇಬ್ಬರನ್ನೂ ಜೊತೆಗೆ ಕರೆದುಕೊಂಡು ಹೋದೆವು. ಮಾಲೀಕರೂ ಇದ್ದರು. ಕ್ಲೈವ್ ಸರ್ ಇಂಗ್ಲಿಷಿನಲ್ಲಿ, ನಿಧಾನವಾಗಿ, ತಪ್ಪಾಯಿತು ಅಂದರು. ಬಾರ್ ಕಟ್ಟಿಸಿದ್ದು ಕಂಪನಿ ಅಂತಲೇ ಬರೆದಿದ್ದೇವೆ ಅಂದರು. ಕೋ ತುನ್ ನನ್ನ ಕಡೆ ನೋಡಿ ತಲೆಯಾಡಿಸಿದ. ತಿದ್ದಿಕೊಂಡಾಯಿತು, ಪಾತ್ರೆ ತಿರುಗಿಸು ಅಂತ. ಟೀ ಕೊಟ್ಟರು. ಕಂಪನಿಯ ಟೀ. ಕುಡಿದೆವು.

ಪೆನ್ನು ಮೊದಲು ನನ್ನ ಕೈಗೇ ಬಂತು. ಓದುತ್ತೇನೆ ಅಂದೆ. ಒಂದೂವರೆ ಪುಟ. ಮಾಲೀಕರು ಗಡಿಯಾರ ನೋಡಿದರು. ನಾನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದೆ. ಗೊತ್ತಿಲ್ಲದ ಶಬ್ದ ಬಂದಾಗ ಅಹ್ಮದ್ ಕುಂಞಿಯನ್ನು ಕೇಳಿದೆ, ಏಳು ಸಲ ಕೇಳಿದೆ. ಹಿಂದಿನವರು ಕಾಲು ಬದಲಿಸಿ ನಿಂತರು, ಯಾರೋ ಕೆಮ್ಮಿದರು. ಅಗಾತಾಳ ಹೆಸರು ಸರಿ. ಕೈ ಸರಿ. ಕಂಪನಿ ಅಂತ ಇರುವುದೂ ಸರಿ. ಎರಡನೇ ಪುಟದಲ್ಲಿ ಬಾರ್ ಕಟ್ಟಿದ ತಿಂಗಳು ಇತ್ತು. ಜೂನ್ ಅಂತ. ಜಯಪಾಲ ಕಟ್ಟಿದ್ದು ಏಪ್ರಿಲಿನಲ್ಲಿ.

ಜೂನಿನಲ್ಲಿ ಆ ಮಿಷನ್ನಿನಲ್ಲಿ ಇದ್ದವಳು ಅಗಾತಾ. ನಾಳೆ ಇದನ್ನು ಓದುವವನು, ಅವಳು ಬಂದ ತಿಂಗಳೇ ಕಟ್ಟಿದ್ದು, ಹಾಗಾದರೆ ಅವಳೇ ಕೇಳಿ ಕಟ್ಟಿಸಿಕೊಂಡದ್ದು ಅಂತ ಹೇಳಬಹುದು. ಬೇಕಂತ ಬರೆದರೋ, ಕೈತಪ್ಪಿ ಬಂತೋ, ನನಗೆ ಗೊತ್ತಿಲ್ಲ. ಹಳೆಯದನ್ನು ಎತ್ತಬಾರದು, ಆದ್ದರಿಂದ ಅದನ್ನು ಕೇಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಕಾಗದವನ್ನು ಕ್ಲೈವ್ ಸರ್ ಕಡೆಗೆ ತಿರುಗಿಸಿ, ಆ ಸಾಲಿನ ಕೆಳಗೆ ಬೆರಳಿಟ್ಟೆ.

"ಸರ್, ಈ ತಿಂಗಳು ಒಂದನ್ನು ಇನ್ನೊಮ್ಮೆ ನೋಡಿ."